ಗಾಡಿ ಏರಿದ ಗೋರಿ

ಪ್ರಶ್ನೆ: ಟರ್ಕಿಯ ಹಸನ್‌ಕೇಫ್ ಅನ್ನೋ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿತಂತೆ, ಅಲ್ಲಿನ ಗೋರಿಯೊಂದನ್ನು ಇಡಿಯಾಗಿ ಗಾಡಿ ಮೇಲೆ ಸಾಗಿಸಿದರಂತೆ. ಮೊಮ್ಮಗ ಹೇಳಿದ. ನಿಜವಾ? ನಮ್ಮ ಕನ್ನಂಬಾಡಿ ಗುಡಿಯ ಹಾಗೇನಾ?
ಓದುಗರೊಬ್ಬರು, ಪಾಂಡವಪುರ

ಉತ್ತರ: ಮೊಮ್ಮಗ ಹೇಳಿದ್ದು ನಿಜ. ಆದರೆ ಕನ್ನಂಬಾಡಿಯ ಹಾಗಲ್ಲ. ನಮ್ಮ ವೇಣುಗೋಪಾಲಸ್ವಾಮಿ ಗುಡಿಯನ್ನು ಬಿಚ್ಚಿ, ಕಲ್ಲಿಗೆಲ್ಲ ನಂಬರ್ ಹಾಕಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಹಸನ್‌ಕೇಫ್‌ನ ಆ ಗೋರಿ, ಅಂದರೆ ಝೈನೆಲ್ ಬೇ ಗೋರಿ, ಇಟ್ಟಿಗೆಯದು. ದುಂಡಗೆ ಕಣಜದ ಹಾಗಿದೆ, ಮೇಲೊಂದು ಗುಮ್ಮಟ, ಮೈತುಂಬ ನೀಲಿ ಬಿಲ್ಲೆಗಳು. ಐನೂರು ವರ್ಷ ದಾಟಿದ ಇಟ್ಟಿಗೆಯನ್ನು ಬಿಚ್ಚೋಕೆ ಹೋದರೆ ಕೈಗೆ ಪುಡಿ ಸಿಗುತ್ತೆ ಅಷ್ಟೇ. ಅದಕ್ಕೇ ಬುಡದಲ್ಲಿ ಕಾಂಕ್ರೀಟ್ ಹಾಸು ಕೊಟ್ಟು, ಸಾಲು ಸಾಲು ಚಕ್ರದ ಟ್ರೈಲರ್ ಮೇಲೆ ನಿಂತ ಭಂಗಿಯಲ್ಲೇ ಕೂರಿಸಿದರು. ತೂಕ ಸುಮಾರು 1,100 ಟನ್. ಹೋದ ದೂರ ಸುಮಾರು 2 ಕಿಲೋಮೀಟರ್. ಇದು 2017ರ ಮೇ ತಿಂಗಳ ಮಾತು. ಒಳಗಿದ್ದ ಝೈನೆಲ್, ಆಕ್ ಕೊಯುನ್ಲು ಅನ್ನೋ ರಾಜಮನೆತನದ ದೊರೆ ಉಝುನ್ ಹಸನನ ಮಗ. 1473ರಲ್ಲಿ ಆಟೊಮನ್ನರ ಜೊತೆ ಕಾದಾಡಿ ಸತ್ತವನು.

ಊರು ಇದ್ದದ್ದು ಟೈಗ್ರಿಸ್ ನದಿಯ ದಡದಲ್ಲಿ, ಸುಣ್ಣಕಲ್ಲಿನ ಕಡಿದಾದ ಬಂಡೆಗಳ ಕೆಳಗೆ. ಬಂಡೆ ತುಂಬ ಕೊರೆದ ಗವಿಗಳು. ಸುಮಾರು 1960ರ ದಶಕದವರೆಗೂ ಜನ ಅಲ್ಲೇ ಸಂಸಾರ ಮಾಡಿಕೊಂಡಿದ್ದರು. 12ನೇ ಶತಮಾನದ ಸೇತುವೆಯ ಕಂಬಗಳು ಹೊಳೆಯಲ್ಲಿ ನಿಂತಿದ್ದವು. 1409ರ ಮಸೀದಿಯ ಮಿನಾರಿನ ತುದಿಯಲ್ಲಿ ಕೊಕ್ಕರೆ ಗೂಡು ಬೇರೆ! ಕೊಕ್ಕರೆಬೆಳ್ಳೂರಿನವರು ನೋಡಿದ್ದರೆ ಖುಷಿಪಡುತ್ತಿದ್ದರು. ಮಿನಾರನ್ನೂ ಬಿಚ್ಚಿ ಹೊಸ ಊರಿಗೆ ಒಯ್ದರು. ಸೇತುವೆ ಕಂಬಗಳು ನೀರಿನಡಿಯಲ್ಲೇ ಉಳಿದವು. 2020ರ ಹೊತ್ತಿಗೆ ಹಳೇ ಊರು ಮುಳುಗಿಹೋಗಿತ್ತು.

ನನಗೆ ಈ ಗೋರಿಗಿಂತ ಆ ಜನರ ಮನೆಗಳದ್ದೇ ಯೋಚನೆ ಜಾಸ್ತಿ. ನಮ್ಮಜ್ಜಿ ಹಳೇ ಕನ್ನಂಬಾಡಿಯವರು. ಊರು ಬಿಡುವಾಗ ಅವರಪ್ಪ ಮನೆಯ ಬಾಗಿಲವಾಡ ಕಿತ್ತು ಎತ್ತಿನ ಗಾಡಿಗೆ ಹಾಕಿಕೊಂಡು ಬಂದರಂತೆ. ಈಗಲೂ ನಮ್ಮ ಮನೆಗೆ ಅದೇ ಬಾಗಿಲು. ತಗ್ಗು. ಬಂದ ನೆಂಟರೆಲ್ಲ ಒಂದು ಸಲ ಹಣೆ ಚಚ್ಚಿಕೊಳ್ಳಲೇಬೇಕು. ಬದಲಾಯಿಸೋಣ ಅಂತ ಮಗ ಹತ್ತು ವರ್ಷದಿಂದ ಹೇಳುತ್ತಿದ್ದಾನೆ. ಇಲ್ಲಿ ಯಾವ ಸರ್ಕಾರವೂ ಟ್ರೈಲರ್ ಕಳಿಸಿರಲಿಲ್ಲ.

ಪ್ರಶ್ನೆ: ಅದೇ ಟೈಗ್ರಿಸ್ ಇರಾಕಿಗೂ ಹರಿಯುತ್ತಲ್ವಾ? ಮೇಲೆ ಕಟ್ಟೆ ಕಟ್ಟಿದರೆ ಕೆಳಗಿನವರು ಸುಮ್ನೆ ಇದ್ದರಾ?
ಓದುಗರೊಬ್ಬರು, ಮೈಸೂರು

ಉತ್ತರ: ಕಾವೇರಿ ನೀರು ಕುಡಿದವರು ಕೇಳುವ ಪ್ರಶ್ನೆನೇ ಇದು! ಇಲ್ಲ, ಸುಮ್ನೆ ಇರಲಿಲ್ಲ. ಟೈಗ್ರಿಸ್ ಹುಟ್ಟೋದು ಟರ್ಕಿಯ ಬೆಟ್ಟಗಳಲ್ಲಿ, ಬಾಗ್ದಾದ್ ಇರೋದು ಅದೇ ಹೊಳೆ ದಡದಲ್ಲಿ. ಹಸನ್‌ಕೇಫ್ ಮುಳುಗಿಸಿದ ಇಲಿಸು ಅಣೆಕಟ್ಟು ಇರೋದು ಆ ಊರಿನಿಂದ ಕೆಳಗೆ, ಇರಾಕ್‌ಗಿಂತ ಮೇಲೆ. 2018ರ ಜೂನ್‌ನಲ್ಲಿ ಟರ್ಕಿ ನೀರು ತುಂಬಿಸೋಕೆ ಶುರುಮಾಡಿತು. ಬೇಸಿಗೆ, ಬರ, ಇರಾಕಿನವರು ಬೊಬ್ಬೆ ಹೊಡೆದರು. ಕೆಲವೇ ದಿನದಲ್ಲಿ ನಿಲ್ಲಿಸಬೇಕಾಯಿತು. ಮತ್ತೆ ತುಂಬಿಸಿದ್ದು 2019ರ ಜುಲೈನಲ್ಲಿ.