ಫ್ರೆಂಚ್ ಪೀರಿಯಡ್ಡಿನ ಮೊದಲ ಐದು ನಿಮಿಷ

ಪ್ರಶ್ನೆ: 7ನೇ ತರಗತಿಗೆ ಫ್ರೆಂಚ್ ಕಲಿಸುತ್ತೇನೆ. 42 ಮಕ್ಕಳು, 40 ನಿಮಿಷದ ಪೀರಿಯಡ್. ಪಾಠಕ್ಕೆ ಮೊದಲು ಏನಾದರೂ ಆಟ ಆಡಿಸಿದರೆ ಗದ್ದಲವೆದ್ದು ಕಾಲು ತಾಸು ಹೋಗಿಬಿಡುತ್ತದೆ. ಆಡಿಸದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಏನು ಮಾಡಲಿ?
– ಶಿಕ್ಷಕಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನೀವು ಬಹುಶಃ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದೀರಿ. ಒಬ್ಬರಿಗೆ 20 ಸೆಕೆಂಡ್ ಹಿಡಿದರೂ 42 ಮಂದಿಗೆ 14 ನಿಮಿಷ. ಒಬ್ಬ ನಿಂತಾಗ ಉಳಿದ 41 ಮಂದಿಗೆ ಕೆಲಸವಿಲ್ಲ, ಗದ್ದಲ ಆಗದೆ ಇನ್ನೇನಾದೀತು? ಎಲ್ಲರೂ ಒಟ್ಟಿಗೆ, ಕುಳಿತಲ್ಲೇ, ಪಕ್ಕದವರೊಡನೆ ಮಾತಾಡುವ ಆಟ ಬೇಕು.

'ನಿ ವೀ ನಿ ನೋಂ' ಎಂಬ ಆಟ ಫ್ರಾನ್ಸಿನ ಮಕ್ಕಳಿಗೆಲ್ಲ ಗೊತ್ತು. ಕೇಳಿದ್ದಕ್ಕೆ 'ವೀ' (ಹೌದು) ಎನ್ನಬಾರದು, 'ನೋಂ' (ಇಲ್ಲ) ಎನ್ನಲೂಬಾರದು. ಬೆಂಚಿಗೆ ಮೂವರಿದ್ದರೆ ಒಬ್ಬಳು ಕೇಳಲಿ, ಒಬ್ಬಳು ಉತ್ತರಿಸಲಿ, ಮೂರನೆಯವಳು ತಪ್ಪು ಹಿಡಿಯಲಿ. 40 ಸೆಕೆಂಡಿಗೊಮ್ಮೆ ಚಪ್ಪಾಳೆ ತಟ್ಟಿ ಸರದಿ ಬದಲಿಸಿ. ಮೂರು ಸರದಿಗೆ ಎರಡು ನಿಮಿಷ. ಆಟಕ್ಕೆ ಮುಂಚೆಯೇ ಬೋರ್ಡಿನ ಮೇಲೆ ತಪ್ಪಿಸಿಕೊಳ್ಳುವ ಮಾತು ನಾಲ್ಕು ಬರೆದಿಡಿ: 'ಬ್ಯಾಂ ಸ್ಯುರ್' (ಖಂಡಿತ), 'ಪಾ ದ್ಯು ತೂ' (ಸ್ವಲ್ಪವೂ ಇಲ್ಲ), 'ಸುವಾಂ' (ಆಗಾಗ), 'ಜಾಮೆ' (ಎಂದೂ ಇಲ್ಲ). ಇದನ್ನು ಮರೆತರೆ ಮಕ್ಕಳು ಸುಮ್ಮನೆ ಕೂರುತ್ತಾರೆ. ಆಟ ಕೆಡುವುದು ಹೆಚ್ಚಾಗಿ ಇಲ್ಲೇ. ಪ್ರಶ್ನೆ ಅವರ ಬದುಕಿನದಿರಲಿ: 'ತ್ಯು ಎಮ್ ಲ ಗಿರ್ಮಿಟ್?' (ನಿನಗೆ ಗಿರ್ಮಿಟ್ ಇಷ್ಟವೇ?) ಎಂದು ಕೇಳಿದರೆ ಯಾರೂ ಮೌನವಾಗಿರಲಾರರು. ಇನ್ನೊಂದು ಮಾತು. ನಮ್ಮ ಮಕ್ಕಳ ಬಾಯಿ ಸುಮ್ಮನಿದ್ದರೂ ತಲೆ ಅಲ್ಲಾಡುತ್ತದೆ. ತಲೆ ಆಡಿಸಿದರೂ, 'ಹೂಂ' ಎಂದರೂ ಔಟ್ ಎಂದು ಮೊದಲೇ ಹೇಳಿಬಿಡಿ.

ಆಟದ ನಡುವೆ ವ್ಯಾಕರಣ ತಿದ್ದಬೇಡಿ. ತಿದ್ದಿದ ಮರುಕ್ಷಣ ಅದು ಪರೀಕ್ಷೆಯಾಗುತ್ತದೆ. ಓಡಾಡುತ್ತ ಕಿವಿಗೆ ಬಿದ್ದ ಎರಡು ತಪ್ಪುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಪಾಠವನ್ನು ಅಲ್ಲಿಂದಲೇ ಶುರು ಮಾಡಿ. ಹೊಸ ಪದವನ್ನೂ ಇಲ್ಲಿ ತರಬೇಡಿ; ಹೋದ ವಾರ ಕಲಿತದ್ದಷ್ಟೇ ಸಾಕು. 'ಇನ್ನೊಂದ್ ಸಲರೀ ಟೀಚರ್' ಎಂದು ಕೂಗುವಾಗಲೇ ನಿಲ್ಲಿಸಿ.

ಪ್ರಶ್ನೆ: ಫ್ರೆಂಚ್ ಸಂಖ್ಯೆಗಳು 69ರ ತನಕ ಸಲೀಸು. 70 ದಾಟಿದರೆ ಇಡೀ ಕ್ಲಾಸು ತಡವರಿಸುತ್ತದೆ. ಇದಕ್ಕೆ ಚಿಕ್ಕ ಅಭ್ಯಾಸ ಇದೆಯೇ?
– ಶಿಕ್ಷಕ, ಗದಗ

ಉತ್ತರ: ಕನ್ನಡದಲ್ಲಿ ಎಪ್ಪತ್ತೈದು ಎಂದರೆ 70 ಮತ್ತು 5. ಫ್ರೆಂಚಿನಲ್ಲಿ ಅದು 'ಸ್ವಾಸಾಂತ್ ಕ್ಯಾಂಜ್', ಅಂದರೆ 60 ಮತ್ತು 15. ಎಂಬತ್ತು ಎಂದರೆ ನಾಲ್ಕು ಇಪ್ಪತ್ತು, 99 ಎಂದರೆ ನಾಲ್ಕು ಇಪ್ಪತ್ತು, ಹತ್ತು, ಒಂಬತ್ತು. 'ಸ್ವಾಸಾಂತ್' ಕಿವಿಗೆ ಬಿದ್ದ ತಕ್ಷಣ ಮಗು 6 ಬರೆದುಬಿಡುತ್ತದೆ, ಆಮೇಲೆ ಬಂದ 15ನ್ನು ಎಲ್ಲಿಡಬೇಕೆಂದು ತಿಳಿಯದೆ 615 ಮಾಡುತ್ತದೆ. ಆದ್ದರಿಂದ ನಿಯಮ ಒಂದೇ: ಸಂಖ್ಯೆ ಪೂರ್ತಿ ಮುಗಿಯುವ ತನಕ ಪೆನ್ನು ಮೇಲೆ. ನೀವು ಹೇಳಿ, ಎರಡು ಎಣಿಸಿ, ಆಮೇಲೆ 'ಬರೆಯಿರಿ' ಅನ್ನಿ. ದಿನಕ್ಕೆ ಆರೇ ಸಂಖ್ಯೆ, ಅವೂ ಜೋಡಿಯಾಗಿ: 62–72, 84–94, 65–75. 62ರ ಕೊನೆಗೆ 'ದ', 72ರ ಕೊನೆಗೆ 'ದೂಜ್'. ಕಿವಿ ಪಳಗಬೇಕಾದದ್ದು ಅಲ್ಲಿ.

ಎರಡನೇ ವಾರ ಸಂತೆ ಮಾಡಿ. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿ ಅಂದುಕೊಂಡು ಚೀಟಿಯಲ್ಲಿ ತರಕಾರಿಯ ಬೆಲೆ ಬರೆದು ಹಂಚಿ. ಒಬ್ಬ 'ಸೆ ಕೋಂಬ್ಯಾಂ?' (ಎಷ್ಟು?) ಎನ್ನಲಿ, ಇನ್ನೊಬ್ಬ ಬೆಲೆ ಹೇಳಲಿ, ಕೇಳಿದವನು ಬರೆದು ತೋರಿಸಲಿ. 71 ಮತ್ತು 81 ಚೀಟಿಗಳನ್ನು ಕೊನೆಗಿಡಿ: 71ರ ನಡುವೆ 'ಎ' (ಮತ್ತು) ಬರುತ್ತದೆ, 81ರಲ್ಲಿ ಬರುವುದಿಲ್ಲ. ರೂಪಾಯಿ ಫ್ರೆಂಚಿನಲ್ಲಿ ಸ್ತ್ರೀಲಿಂಗವಾದ್ದರಿಂದ 81 ರೂಪಾಯಿಗೆ ಕೊನೆಯ 'ಅಂ' (ಒಂದು) ಬದಲು 'ಯೂನ್' ಆಗಬೇಕು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ 70ಕ್ಕೆ 'ಸೆಪ್ತಾಂತ್', 90ಕ್ಕೆ 'ನೊನಾಂತ್' ಎಂಬ ಸುಲಭದ ಪದಗಳಿವೆ. ಜಾಣ ಹುಡುಗ ಇಂಟರ್ನೆಟ್ಟಿನಲ್ಲಿ ನೋಡಿಬಂದು ಕೇಳಿದರೆ ಹೇಳಿ, ನೀವಾಗಿ ಆ ಮಾತು ತೆಗೆಯಬೇಡಿ.

ಪ್ರಶ್ನೆ: ಸಂಜೆ ಕ್ಲಾಸಿಗೆ ಬರುವ ದೊಡ್ಡವರು ಡೆಲ್ಫ್ ಎ1 (ಫ್ರೆಂಚ್ ಭಾಷೆಯ ಆರಂಭಿಕ ಮಟ್ಟದ) ಪರೀಕ್ಷೆಗೆ ಓದುತ್ತಿದ್ದಾರೆ. ಆಟ ಎಂದರೆ ಮುಜುಗರಪಡುತ್ತಾರೆ.
– ಧಾರವಾಡ

ಉತ್ತರ: ಅವರಿಗೆ ಆಟ ಬೇಡ, ಚೀಟಿ ಸಾಕು. ಆ ಪರೀಕ್ಷೆಯ ಮಾತಿನ ಭಾಗದಲ್ಲಿ ಒಂದೊಂದೇ ಪದವಿರುವ ಚೀಟಿ ಎತ್ತಿ, ಅದರ ಮೇಲೆ ಪರೀಕ್ಷಕರಿಗೇ ಪ್ರಶ್ನೆ ಕೇಳಬೇಕು. 'ಭಾನುವಾರ', 'ಮಕ್ಕಳು', 'ಕಾಫಿ' ಎಂದು ಫ್ರೆಂಚಿನಲ್ಲಿ ಬರೆದ ಆರು ಚೀಟಿಗಳನ್ನು ಮೇಜಿನ ಮೇಲಿಟ್ಟರೆ ಇಬ್ಬರಿಗೆ ಮೂರು ನಿಮಿಷದ ಕೆಲಸ. ಪ್ರಶ್ನೆಯಲ್ಲಿ 'ವು' ಇರಲಿ. ಅದು ನಮ್ಮ 'ನೀವು' ಇದ್ದ ಹಾಗೆ, ಅಭ್ಯಾಸ ಕಷ್ಟವಲ್ಲ. ಎಡವುವುದು ವಯಸ್ಸಿನ ಚೀಟಿಯಲ್ಲಿ: ಇಂಗ್ಲಿಷಿನ ಜಾಡಿನಲ್ಲಿ 'ಜ ಸ್ವೀ' (ನಾನು ಆಗಿದ್ದೇನೆ) ಎಂದು ಶುರು ಮಾಡುತ್ತಾರೆ. ಕನ್ನಡದಲ್ಲಿ 'ನಾನು 34 ವರ್ಷ' ಎನ್ನುತ್ತೇವೆಯೇ? 'ನನಗೆ 34 ವರ್ಷ' ಎಂದು ಮನಸ್ಸಿನಲ್ಲಿ ಹೇಳಿಕೊಂಡು 'ಜೆ' (ನನಗಿದೆ) ಎಂದು ತೊಡಗಲಿ.