ಪ್ರತಿಕ್ರಿಯೆ: ಫಾಸ್ಫೇಟ್ ಗಾಜಿನ ನೂಲು ಬೇಗ ಕರಗುತ್ತಿದ್ದರೆ ಏನು ಬೆರೆಸುವುದು?

ಫಾಸ್ಫೇಟ್ ಗಾಜು ಅಂದರೆ ಫಾಸ್ಫರಸ್ ಆಧಾರದ, ನೀರಲ್ಲಿ ಕರಗುವ ಗಾಜು; ಮೂಳೆ ಚಿಕಿತ್ಸೆಗೆ, ಕೋಶ ಬೆಳೆಸಲು ಇದರ ನೂಲು ಬಳಸುತ್ತಾರೆ. ನಿಮ್ಮ ಗಾಜಿನಲ್ಲಿ ಫಾಸ್ಫರಸ್ ಪೆಂಟಾಕ್ಸೈಡ್ 50, ಕ್ಯಾಲ್ಸಿಯಂ ಆಕ್ಸೈಡ್ 30, ಸೋಡಿಯಂ ಆಕ್ಸೈಡ್ 20 ಮೋಲ್ ಶೇಕಡಾ (ತೂಕದಲ್ಲಲ್ಲ, ಕಣಗಳ ಎಣಿಕೆಯಲ್ಲಿ ನೂರಕ್ಕೆ ಎಷ್ಟು ಅಂತ) ಇದೆ, ನೂಲು ನೀರಲ್ಲಿ ಬೇಗ ಕರಗುತ್ತಿದೆ, ಕಬ್ಬಿಣ ಹಾಕಲೋ ಬೋರಾನ್ ಹಾಕಲೋ ಅಂತ ಕೇಳಿದ್ದೀರಿ.

ಮೊದಲು ಕಬ್ಬಿಣ ನೋಡಿ. ನೀರು ದಾಳಿ ಮಾಡುವುದು ಫಾಸ್ಫರಸ್–ಆಮ್ಲಜನಕ–ಫಾಸ್ಫರಸ್ ಕೊಂಡಿಯ ಮೇಲೆ. ಕಬ್ಬಿಣ ಸೇರಿದರೆ ಆ ಜಾಗದಲ್ಲಿ ಫಾಸ್ಫರಸ್–ಆಮ್ಲಜನಕ–ಕಬ್ಬಿಣದ ಕೊಂಡಿ ಬರುತ್ತದೆ, ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸೋಡಿಯಂ ಕಡಿಮೆ ಮಾಡಿ ಆ ಜಾಗಕ್ಕೆ 3ರಿಂದ 5 ಮೋಲ್ ಶೇಕಡಾ ಕಬ್ಬಿಣದ ಆಕ್ಸೈಡ್ ಹಾಕಿದರೂ ವ್ಯತ್ಯಾಸ ಕಾಣುತ್ತದೆ. ಇಷ್ಟು ಕಬ್ಬಿಣವಿರುವ ನೂಲಿನ ಮೇಲೆ ಸ್ನಾಯುಕೋಶಗಳು ಚೆನ್ನಾಗಿ ಅಂಟಿಕೊಂಡು ಬೆಳೆದಿದ್ದೂ ಉಂಟು. ಗಾಜಿಗೆ ಕಂದು ಬಣ್ಣ ಬರಬಹುದು, ಗಾಬರಿ ಬೇಡ. ಮೆದುವಾಗುವ ಉಷ್ಣತೆ ಏರುತ್ತದೆ, ಹಾಗಾಗಿ ಕುಲುಮೆಯ ಬಿಸಿಯನ್ನೂ ಏರಿಸಬೇಕು.

ಬೋರಾನ್ ಕೆಲಸ ಬೇರೆ. ಎಳೆಯುವಾಗ ನಳಿಕೆಯ ಬಾಯಲ್ಲಿ ಹರಳು ಕಟ್ಟಿ ನೂಲು ಪದೇ ಪದೇ ತುಂಡಾಗುತ್ತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಹರಳುಗಟ್ಟುವುದನ್ನು ದೂರ ತಳ್ಳಿ ಎಳೆಯಲು ಜಾಸ್ತಿ ಅವಕಾಶ ಕೊಡುತ್ತದೆ. ಟೈಟಾನಿಯಂ ಕೂಡ ಕರಗುವುದನ್ನು ನಿಧಾನಗೊಳಿಸುತ್ತದೆ, ಆದರೆ ನಾನಾದರೆ ಕಬ್ಬಿಣದಿಂದಲೇ ಶುರು ಮಾಡುತ್ತೇನೆ.

ಇನ್ನೊಂದು ವಿಷಯ: ಫಾಸ್ಫರಸ್ ಪೆಂಟಾಕ್ಸೈಡನ್ನು ಸುಮ್ನೆ 40ಕ್ಕೆ ಇಳಿಸಬೇಡಿ. ಗಾಜಿನೊಳಗಿನ ಫಾಸ್ಫರಸ್–ಆಮ್ಲಜನಕದ ಉದ್ದ ಸರಪಳಿಗಳು ಚಿಕ್ಕದಾಗಿ ನೂಲು ಎಳೆಯುವುದೇ ಕಷ್ಟವಾಗುತ್ತದೆ. ಎಳೆದ ನೂಲನ್ನು ಮತ್ತೆ ಕಾಯಿಸಿ ಹದಮಾಡಿದರೂ ಕರಗುವ ವೇಗ ತಗ್ಗುತ್ತದೆ, ಆದರೆ ಎಳೆತದ ಬಲವೂ ಸ್ವಲ್ಪ ಹೋಗುತ್ತದೆ. ನಿಮಗೆ ಬೇಕಿರುವುದು ಮೂಳೆಗೆ ಹಾಕುವ ಪ್ಲೇಟಿಗಾ, ಕೋಶ ಬೆಳೆಸಲಿಕ್ಕಾ? ಹೇಳಿದರೆ ಪ್ರಮಾಣದ ಬಗ್ಗೆ ಮುಂದೆ ಮಾತಾಡಬಹುದು.