ಸರಳೆ ವರಸೆಯಲ್ಲೇ ಆರು ತಿಂಗಳು: ನಿಮ್ಮ ಪ್ರಶ್ನೆಗೆ

ಆರು ತಿಂಗಳಾದರೂ ಸಂಗೀತದ ಮೇಷ್ಟ್ರು ಸರಳೆ ವರಸೆ (ಕರ್ನಾಟಕ ಸಂಗೀತದ ಮೊದಲ ಸ್ವರಾಭ್ಯಾಸ) ಬಿಡುತ್ತಿಲ್ಲ, ಟೈಮ್ ವೇಸ್ಟಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಈ ಪಾಠಗಳನ್ನು ಕಟ್ಟಿಕೊಟ್ಟವರು ಪುರಂದರದಾಸರು ಅಂತ ಹೇಳುತ್ತಾರೆ. ಇವಕ್ಕೆ ಮಾಯಾಮಾಳವಗೌಳ ರಾಗವನ್ನೇ ಆರಿಸಿದ್ದರಲ್ಲಿ ಅರ್ಥವಿದೆ. ಅದರಲ್ಲಿ ಸ, ರಿ ಅಕ್ಕಪಕ್ಕ. ರಿಯಿಂದ ಗಕ್ಕೆ ದೊಡ್ಡ ಜಿಗಿತ. ಗ, ಮ ಮತ್ತೆ ಅಕ್ಕಪಕ್ಕ. ಪ ದ ನಿ ಸದಲ್ಲೂ ಇದೇ ಅಂತರ. ಹತ್ತಿರದ್ದು, ದೂರದ್ದು ಎರಡೂ ಗಂಟಲಿಗೆ ಒಟ್ಟಿಗೇ ಪಳಗುತ್ತವೆ.

ಆದರೆ ಸುಮ್ನೆ ಸಾವಿರ ಸಲ ಹಾಡಿದರೆ ಸಾಲದು. ನಾನು ಒಂದು ವರ್ಷ ಹಾಗೇ ಹಾಡಿದೆ. ವೇಗದ ಮೂರನೇ ಕಾಲಕ್ಕೆ ಬಂದರೆ ರಿ ಜಾರುತ್ತಿತ್ತು. ಆಮೇಲೆ ಹಿನ್ನೆಲೆಗೆ ಶ್ರುತಿ ಹಾಕಿಕೊಂಡು, ಒಂದೇ ವರಸೆಯನ್ನು ನಿಧಾನದ ಒಂದನೇ ಕಾಲದಲ್ಲಿ, ಅಕಾರದಲ್ಲಿ (ಸ್ವರದ ಹೆಸರು ಬಿಟ್ಟು ಬರೀ ‘ಆ’ ಅಂತ) ಹಾಡಿ, ರೆಕಾರ್ಡ್ ಮಾಡಿ ಕೇಳಿದೆ. ಆಗಲೇ ತಪ್ಪು ಕಿವಿಗೆ ಬಿದ್ದಿದ್ದು. ನಾಳೆ ಬೆಳಿಗ್ಗೆ ಹೀಗೆ ಅರ್ಧ ಗಂಟೆ ಕೂತು ನೋಡಿ.